ಹೊರಗಿನ ಸಂಪರ್ಕವೇ ಇಲ್ಲದ ರೋಟರ್ ತಿರುಗುವುದು ಹೇಗೆ?

ಪ್ರಶ್ನೆ

ನಮ್ಮ ಹಿಟ್ಟಿನ ಗಿರಣಿಯ 10 ಎಚ್‌ಪಿ ತ್ರೀ ಫೇಸ್ ಮೋಟಾರು ಸುಟ್ಟುಹೋದದ್ದರಿಂದ ಅದನ್ನು ರಿವೈಂಡಿಂಗ್‌ಗೆ ಕೊಟ್ಟಿದ್ದೇವೆ. ಅಲ್ಲಿ ಬಿಚ್ಚಿಟ್ಟಿದ್ದ ರೋಟರನ್ನು, ಅಂದರೆ ಮೋಟಾರಿನ ತಿರುಗುವ ಭಾಗವನ್ನು, ಹತ್ತಿರದಿಂದ ನೋಡಿದೆ. ಅದರಲ್ಲಿ ತಾಮ್ರದ ತಂತಿಯೂ ಇಲ್ಲ, ಕಾರ್ಬನ್ ಬ್ರಷ್ಷೂ ಇಲ್ಲ. ಉಕ್ಕಿನ ತಗಡುಗಳನ್ನು ಜೋಡಿಸಿದ ಉರುಳೆ, ಅದರ ಮೈಯಲ್ಲಿ ತುಸು ಓರೆಯಾಗಿ ಹಾದುಹೋದ ಅಲ್ಯೂಮಿನಿಯಂ ಸರಳುಗಳು, ಎರಡು ತುದಿಗಳಲ್ಲಿ ಅವನ್ನು ಬೆಸೆದಿರುವ ಬಳೆಗಳು, ಇಷ್ಟೇ ಇವೆ. ಹೊರಗಿನಿಂದ ಕರೆಂಟೇ ಹೋಗದ ಈ ಭಾಗಕ್ಕೆ ಬೀಸುವ ಕಲ್ಲನ್ನು ತಿರುಗಿಸುವ ಬಲ ಎಲ್ಲಿಂದ ಬರುತ್ತದೆ? ಫಲಕದ ಮೇಲೆ 1500 ಎಂದಿರದೆ 1440 ಆರ್‌ಪಿಎಂ ಎಂದಿರುವುದೇಕೆ? ಒಂದು ಫೇಸ್ ಹೋದದ್ದರಿಂದ ಮೋಟಾರು ಸುಟ್ಟಿತೆಂದು ಅಲ್ಲಿನವರು ಹೇಳಿದರು. ಫೇಸ್ ಹೋದರೆ ಮೋಟಾರು ನಿಲ್ಲಬೇಕಲ್ಲವೇ, ಸುಡುವುದೇಕೆ? ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ 1

ನಮಸ್ಕಾರ. ತಮ್ಮ ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಒಂದೇ, ಆದ್ದರಿಂದ ಒಟ್ಟಿಗೇ ಹೇಳುತ್ತೇನೆ.

ಮೋಟಾರಿನ ತಿರುಗದ ಹೊರಭಾಗವಾದ ಸ್ಟೇಟರಿನಲ್ಲಿ ತಂತಿಯ ಮೂರು ಗುಂಪು ಸುರುಳಿಗಳಿವೆ. ಮೂರು ಫೇಸ್‌ಗಳ ಕರೆಂಟು ಒಂದೇ ಕ್ಷಣದಲ್ಲಿ ಗರಿಷ್ಠಕ್ಕೆ ಏರುವುದಿಲ್ಲ. ಒಂದಾದ ಮೇಲೊಂದು, ಸರದಿಯಂತೆ ಏರಿ ಇಳಿಯುತ್ತದೆ. ಹೀಗಾಗಿ ಸುರುಳಿಗಳು ಇದ್ದಲ್ಲೇ ಇದ್ದರೂ ಅವು ಉಂಟುಮಾಡುವ ಕಾಂತಕ್ಷೇತ್ರ ಮಾತ್ರ ಸ್ಟೇಟರಿನ ಒಳಗೆ ಸುತ್ತುತ್ತದೆ. ನಮ್ಮ 50 ಹರ್ಟ್ಸ್ ಪೂರೈಕೆಯಲ್ಲಿ ನಾಲ್ಕು ಧ್ರುವಗಳ ಮೋಟಾರಿನ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ಸುತ್ತುತ್ತದೆ. ಅದು ನಿಂತಿರುವ ಸರಳುಗಳನ್ನು ದಾಟಿ ಹೋಗುವಾಗ, ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮದಂತೆ, ಸರಳುಗಳಲ್ಲಿ ವೋಲ್ಟೇಜ್ ಹುಟ್ಟುತ್ತದೆ. ತುದಿಯ ಬಳೆಗಳು ಸರಳುಗಳನ್ನೆಲ್ಲ ಒಂದಕ್ಕೊಂದು ಸೇರಿಸಿರುವುದರಿಂದ ಆ ಅಲ್ಪ ವೋಲ್ಟೇಜಿಗೇ ಅವುಗಳಲ್ಲಿ ಭಾರೀ ಕರೆಂಟು ಹರಿಯುತ್ತದೆ. ಕಾಂತಕ್ಷೇತ್ರದಲ್ಲಿರುವ ಇಂತಹ ಸರಳಿನ ಮೇಲೆ ಬಲ ಬೀಳುತ್ತದೆ, ರೋಟರ್ ಕ್ಷೇತ್ರದ ಹಿಂದೆಯೇ ಓಡತೊಡಗುತ್ತದೆ.

ಆದರೆ ಅದು ಕ್ಷೇತ್ರವನ್ನು ಎಂದಿಗೂ ಹಿಡಿಯಲಾರದು. ರೋಟರ್ ಕೂಡ 1500ಕ್ಕೆ ಮುಟ್ಟಿದರೆ ಕ್ಷೇತ್ರ ಸರಳುಗಳನ್ನು ದಾಟುವುದೇ ಇಲ್ಲ; ಆಗ ವೋಲ್ಟೇಜೂ ಇಲ್ಲ, ಕರೆಂಟೂ ಇಲ್ಲ, ಬಲವೂ ಇಲ್ಲ. ತಮ್ಮ ಮೋಟಾರು ಪೂರ್ಣ ಹೊರೆಯಲ್ಲಿ 60 ಸುತ್ತು, ಅಂದರೆ ಶೇ. 4ರಷ್ಟು ಹಿಂದುಳಿಯುತ್ತದೆ. ಇದಕ್ಕೆ ಸ್ಲಿಪ್ ಎನ್ನುತ್ತಾರೆ. ಗಿರಣಿಗೆ ಹೆಚ್ಚು ಕಾಳು ಬಿದ್ದರೆ ರೋಟರ್ ತುಸು ನಿಧಾನವಾಗುತ್ತದೆ, ಸ್ಲಿಪ್ ಹೆಚ್ಚುತ್ತದೆ, ಸರಳುಗಳ ಕರೆಂಟು ಏರುತ್ತದೆ, ಬಲ ತಾನಾಗಿಯೇ ಹೆಚ್ಚುತ್ತದೆ. ಯಾವ ನಿಯಂತ್ರಕದ ನೆರವೂ ಇಲ್ಲದೆ ಯಂತ್ರ ತನ್ನ ಹೊರೆಗೆ ತಾನೇ ಹೊಂದಿಕೊಳ್ಳುವ ಈ ಗುಣವೇ ನನಗೆ ಇದರ ಅತ್ಯಂತ ಸುಂದರ ಅಂಶವಾಗಿ ಕಾಣುತ್ತದೆ. ಇಟಲಿಯ ಫೆರಾರಿಸ್ ಮತ್ತು ಅಮೆರಿಕದ ಟೆಸ್ಲಾ ಸುತ್ತುವ ಕಾಂತಕ್ಷೇತ್ರದ ಈ ತತ್ತ್ವವನ್ನು 1888ರಲ್ಲಿ ಬೇರೆಬೇರೆಯಾಗಿ ಪ್ರಕಟಿಸಿದರು. ತಾವು ನೋಡಿದಂತಹ ಪಂಜರದ ರೋಟರ್ ಇರುವ ತ್ರೀ ಫೇಸ್ ಮೋಟಾರನ್ನು ರೂಪಿಸಿದವರು ಡೊಲಿವೊ-ಡೊಬ್ರೊವೊಲ್ಸ್ಕಿ. ಅದು 1889ರ ಸುಮಾರಿನದು.

ಉತ್ತರ 2

ಫೇಸ್ ಹೋದ ವಿಚಾರವನ್ನು ನಾನು ಹೇಳುತ್ತೇನೆ. ನಿಂತಿರುವ ಮೋಟಾರಿಗೆ ಒಂದು ಫೇಸ್ ಇಲ್ಲದಿದ್ದರೆ ಅದು ಗುಂಯ್‌ಗುಡುತ್ತದೆಯೇ ಹೊರತು ತಿರುಗುವುದಿಲ್ಲ, ಏಕೆಂದರೆ ಉಳಿದ ಎರಡು ತಂತಿಗಳಿಂದ ಕ್ಷೇತ್ರ ಹಿಂದೆಮುಂದೆ ಮಿಡಿಯುತ್ತದೆಯೇ ಹೊರತು ಸುತ್ತುವುದಿಲ್ಲ. ಆದರೆ ಓಡುತ್ತಿರುವಾಗ ಫೇಸ್ ಹೋದರೆ ಮೋಟಾರು ಓಡುತ್ತಲೇ ಇರುತ್ತದೆ. ಅಪಾಯವಿರುವುದು ಅಲ್ಲಿಯೇ. ಕಲ್ಲು ಬೇಡುವ ಶಕ್ತಿ ಅಷ್ಟೇ ಇರುವುದರಿಂದ ಮೂರು ತಂತಿಗಳ ಕೆಲಸವನ್ನು ಎರಡೇ ತಂತಿಗಳು ಮಾಡಬೇಕಾಗುತ್ತದೆ. ಪೂರ್ಣ ಹೊರೆಯಲ್ಲಿ 14 ಆಂಪಿಯರ್ ಆಸುಪಾಸಿನಲ್ಲಿದ್ದ ಕರೆಂಟು 24ರ ಹತ್ತಿರಕ್ಕೆ ಏರುತ್ತದೆ, ಸುರುಳಿಗಳು ವಿಪರೀತ ಕಾದು ಸುಡುತ್ತವೆ.

ರಿವೈಂಡಿಂಗ್ ಅಂಗಡಿಯಲ್ಲಿ ಹಳೆಯ ಸುರುಳಿಗಳನ್ನು ಇನ್ನೂ ಕಿತ್ತಿರದಿದ್ದರೆ ದಯವಿಟ್ಟು ಹೋಗಿ ನೋಡಿ. ಡೆಲ್ಟಾ ಜೋಡಣೆಯ (ಮೂರು ಫೇಸಿನ ಸುರುಳಿಗಳನ್ನು ತ್ರಿಕೋನದಂತೆ ಸೇರಿಸಿದ) ಮೋಟಾರಾಗಿದ್ದರೆ ಒಂದು ಫೇಸಿನ ಸುರುಳಿಗಳು ಮಾತ್ರ ಕಪ್ಪಾಗಿ ಉಳಿದ ಎರಡು ಬಹುಮಟ್ಟಿಗೆ ಚೆನ್ನಾಗಿರುತ್ತವೆ. ಸ್ಟಾರ್ ಜೋಡಣೆಯಾಗಿದ್ದರೆ (ಮೂರರ ಒಂದೊಂದು ತುದಿ ಒಂದೇ ಬಿಂದುವಿನಲ್ಲಿ ಸೇರಿದ್ದರೆ) ಎರಡು ಫೇಸಿನವು ಕಪ್ಪಾಗಿ ಒಂದು ಉಳಿದಿರುತ್ತದೆ. ಮೂರೂ ಒಂದೇ ಸಮನಾಗಿ ಸುಟ್ಟಿದ್ದರೆ ಕಾರಣ ಫೇಸ್ ಹೋದದ್ದಲ್ಲ. ಅತಿಹೊರೆ, ಕಡಿಮೆ ವೋಲ್ಟೇಜ್ ಅಥವಾ ಗಾಳಿಯಾಡದಿರುವಿಕೆಯನ್ನು ಶಂಕಿಸಬೇಕು. ಹೊಸ ವೈಂಡಿಂಗ್ ಆದ ಮೇಲೆ ಸ್ಟಾರ್ಟರಿನಲ್ಲಿ ಸಿಂಗಲ್ ಫೇಸ್ ಪ್ರಿವೆಂಟರ್ (ಫೇಸ್ ಹೋದೊಡನೆ ಮೋಟಾರನ್ನು ನಿಲ್ಲಿಸುವ ಸಾಧನ) ಹಾಕಿಸಿ, ಕರೆಂಟು ಮಿತಿ ಮೀರಿದರೆ ಮೋಟಾರನ್ನು ನಿಲ್ಲಿಸುವ ಓವರ್‌ಲೋಡ್ ರಿಲೇಯನ್ನು ಫಲಕದ ಕರೆಂಟಿಗೆ ತಕ್ಕಂತೆ ಹೊಂದಿಸಿ. ಸ್ಟಾರ್ ಜೋಡಣೆಯಲ್ಲಿ ಚಾಲೂ ಮಾಡಿ ನಂತರ ಡೆಲ್ಟಾಕ್ಕೆ ಬದಲಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇ ಸುರುಳಿಯ ದಾರಿಯಲ್ಲೇ ಇದ್ದರೆ ಆ ಕರೆಂಟಿನ ಶೇ. 58ಕ್ಕೆ, ಅಂದರೆ 8 ಆಂಪಿಯರ್ ಸುಮಾರಿಗೆ ಇಡಬೇಕು. ಅದನ್ನು 14ಕ್ಕೆ ಇಟ್ಟರೆ ರಿಲೇ ಇದ್ದೂ ಇಲ್ಲದಂತೆಯೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಸುರುಳಿಗಳನ್ನು ನೋಡಿಬಂದೆ, ಡೆಲ್ಟಾ ಜೋಡಣೆಯೇ, ಒಂದು ಗುಂಪು ಮಾತ್ರ ಸುಟ್ಟಿದೆ. ಸ್ಟಾರ್-ಡೆಲ್ಟಾ ಬದಲು ವಿಎಫ್‌ಡಿ (ಮೋಟಾರಿನ ವೇಗವನ್ನು ಬದಲಿಸುವ ಸಾಧನ) ಹಾಕಿಸಿದರೆ ವಿದ್ಯುತ್ ಬಿಲ್ಲು ಇಳಿಯುತ್ತದೆಂದು ಒಬ್ಬರು ಸಲಹೆ ಕೊಟ್ಟಿದ್ದಾರೆ. ಅದು ನಿಜವೇ?

ಉತ್ತರ 3

ಕಾರ್ಖಾನೆಯ ನಿರ್ವಹಣಾ ವಿಭಾಗದಲ್ಲಿ ಕೆಲಸ ಮಾಡುವವನಾಗಿ ಹೇಳುವುದಾದರೆ, ಈ ಉಳಿತಾಯ ಹೊರೆಯ ಸ್ವಭಾವವನ್ನು ಅವಲಂಬಿಸಿದೆ. ವಿಎಫ್‌ಡಿ ಪೂರೈಕೆಯ ಆವರ್ತನವನ್ನೇ ಬದಲಿಸಿ, ಅದಕ್ಕೆ ತಕ್ಕಂತೆ ವೋಲ್ಟೇಜನ್ನೂ ಬದಲಿಸಿ, ಸುತ್ತುವ ಕ್ಷೇತ್ರದ ವೇಗವನ್ನು ಬೇಕಾದಷ್ಟಕ್ಕೆ ತರುತ್ತದೆ. ದೊಡ್ಡ ಫ್ಯಾನು ಮತ್ತು ಸೆಂಟ್ರಿಫ್ಯೂಗಲ್ ಪಂಪುಗಳಲ್ಲಿ ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ ವೇಗವನ್ನು ಶೇ. 80ಕ್ಕೆ ಇಳಿಸಿದರೆ ಶಕ್ತಿ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ವಾಲ್ವ್ ಮುಚ್ಚಿ ಹರಿವನ್ನು ತಡೆಯುತ್ತಿದ್ದ ಕಡೆಗಳಲ್ಲಿ ಇದು ಬಹಳ ದೊಡ್ಡ ಉಳಿತಾಯ. ಬೀಸುವ ಕಲ್ಲಿನ ಹೊರೆ ಹಾಗಲ್ಲ. ವೇಗ ಇಳಿಸಿದರೆ ಬಿಲ್ಲಿನ ಜೊತೆಗೆ ಹಿಟ್ಟೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಕಿಲೋ ಹಿಟ್ಟಿನ ಖರ್ಚಿನಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಾಗುವುದಿಲ್ಲ. ಬಿಲ್ಲಿಗಾಗಿಯೇ ಆದರೆ ನಾನು ತಮಗೆ ಇದನ್ನು ಶಿಫಾರಸು ಮಾಡುವುದಿಲ್ಲ.

ಶುರುವಾಗುವ ಗಳಿಗೆಯ ಮಾತು ಬೇರೆ. ನಿಂತ ರೋಟರಿಗೆ ಸ್ಲಿಪ್ ಶೇ. 100 ಇರುವುದರಿಂದ ನೇರವಾಗಿ ಚಾಲೂ ಮಾಡಿದರೆ ಆರೇಳು ಪಟ್ಟು ಕರೆಂಟು ಎಳೆಯುತ್ತದೆ. ಸ್ಟಾರ್ ಜೋಡಣೆಯಲ್ಲಿ ಅದು ಮೂರನೇ ಒಂದಕ್ಕೆ ಇಳಿಯುತ್ತದೆ, ಆದರೆ ತಿರುಗಿಸುವ ಬಲವೂ ಮೂರನೇ ಒಂದಕ್ಕೇ ಇಳಿಯುತ್ತದೆ. ಆದ್ದರಿಂದ ಕಲ್ಲಿನ ನಡುವೆ ಕಾಳು ಉಳಿದಿರುವಾಗ ಚಾಲೂ ಮಾಡಬೇಡಿ. ಖಾಲಿ ಓಡಿಸಿ, ಡೆಲ್ಟಾಕ್ಕೆ ಬಂದು ವೇಗ ಹಿಡಿದ ಮೇಲೆ ಕಾಳು ಬಿಡಿ. ಪೂರ್ಣ ಹೊರೆಯೊಂದಿಗೇ ಹೊರಡಬೇಕಾದ ಸಿಮೆಂಟ್ ಗಿರಣಿಗಳಂತಹ ಕಡೆ ರೋಟರಿನಲ್ಲೂ ತಂತಿಯ ಸುರುಳಿಗಳಿದ್ದು ಉಂಗುರ, ಬ್ರಷ್ಷುಗಳ ಮೂಲಕ ಹೊರಗೆ ಸಂಪರ್ಕವಿರುವ ಸ್ಲಿಪ್‌ರಿಂಗ್ ಮೋಟಾರು ಬಳಸಿ ರೋಟರಿನ ದಾರಿಯಲ್ಲಿ ಹೊರಗಿನ ರೆಸಿಸ್ಟೆನ್ಸ್ ಸೇರಿಸುತ್ತಾರೆ. ತಮ್ಮ 10 ಎಚ್‌ಪಿಗೆ ಅದರ ಅಗತ್ಯವಿಲ್ಲ. ಈಗಿರುವ ಸ್ಟಾರ್ಟರೇ ಸಾಕು, ಮೇಲೆ ಹೇಳಿರುವ ಪ್ರಿವೆಂಟರನ್ನು ಮಾತ್ರ ಮೋಟಾರು ಮರಳಿ ಕೂರಿಸುವ ಮೊದಲೇ ಹಾಕಿಸಿ.