‘ಕೇಶವ’ ಅಂದರೆ ಕೂದಲಿರುವವನು ಅಂತ ಮಾತ್ರವೇ?

ಪ್ರಶ್ನೆ: ಗುರುಗಳಿಗೆ ನಮಸ್ಕಾರ. ಮಗನಿಗೆ ಕೇಶವ ಅಂತ ಹೆಸರಿಟ್ಟಿದ್ದೇವೆ, ನಮ್ಮ ಮಾವನವರ ಹೆಸರು. ನಾಮಕರಣಕ್ಕೆ ಬಂದಿದ್ದ ನೆಂಟರೊಬ್ಬರು, “ಕೂದಲಿರುವವನು ಅಂತ ಅರ್ಥ, ಅದರಲ್ಲಿ ದೇವರೆಲ್ಲಿ ಬಂದ?” ಅಂದುಬಿಟ್ಟರು. ನಿಘಂಟು ತೆಗೆದರೆ ಅದೇ ಇದೆ. ಮನಸ್ಸಿಗೆ ಪಿಚ್ಚೆನಿಸಿತು. ಬೇರೆ ಅರ್ಥ ಇದೆಯೇ?

ಉತ್ತರ (ಸಂಸ್ಕೃತ ಅಧ್ಯಾಪಕರು): ನೆಂಟರು ಹೇಳಿದ್ದು ಸುಳ್ಳಲ್ಲಮ್ಮ. ‘ಉಳ್ಳವನು’ ಎಂಬ ಅರ್ಥದಲ್ಲಿ ‘ಕೇಶ’ ಶಬ್ದಕ್ಕೆ ‘ವ’ ಪ್ರತ್ಯಯ ಬರುತ್ತದೆ ಅಂತ ವ್ಯಾಕರಣಕಾರ ಪಾಣಿನಿ ಒಂದು ಸೂತ್ರವನ್ನೇ ಮಾಡಿದ್ದಾನೆ (ಅಷ್ಟಾಧ್ಯಾಯಿ 5.2.109). ಆದರೆ ಅವರು ಅಲ್ಲಿಗೇ ನಿಂತುಬಿಟ್ಟರು.

ವಿಷ್ಣುಸಹಸ್ರನಾಮದಲ್ಲಿ ಈ ಹೆಸರು ಎರಡು ಸಲ ಬರುತ್ತದೆ, 23ನೆಯದಾಗಿ ಒಮ್ಮೆ, 648ನೆಯದಾಗಿ ಇನ್ನೊಮ್ಮೆ. ಮೊದಲನೆಯ ಕಡೆ ಶಂಕರರ ಭಾಷ್ಯ ಚೆಲುವಾದ ಕೇಶವುಳ್ಳವನು ಅಂತಲೇ ಶುರುವಾಗುತ್ತದೆ. ಕೇಶಿ ಎಂಬ ಅಸುರನನ್ನು ಕೊಂದವನು ಅನ್ನುವುದೂ ಇದೆ. ನನಗೆ ಬಹಳ ಹಿಡಿಸಿದ್ದು ಇವೆರಡರ ನಡುವಿನ ಅರ್ಥ: ‘ಕ’ ಅಂದರೆ ಬ್ರಹ್ಮ, ‘ಅ’ ವಿಷ್ಣು, ‘ಈಶ’ ರುದ್ರ, ಈ ಮೂವರೂ ಯಾರ ವಶದಲ್ಲಿದ್ದಾರೋ ಅವನು ಕೇಶವ. ಗಮನಿಸಿ, ವಿಷ್ಣುವೂ ಆ ಮೂವರಲ್ಲಿ ಒಬ್ಬ. ಹಾಗಾದರೆ ಕೇಶವ ಯಾರು? ಹುಟ್ಟು, ಇರವು, ಲಯ ಮೂರೂ ಯಾವುದರಲ್ಲಿ ನಡೆಯುತ್ತವೆಯೋ ಆ ಪರವಸ್ತು.

ಇನ್ನು 648ಕ್ಕೆ ಬನ್ನಿ. ಅಲ್ಲಿ ಪಾಠ ‘ಕೇಶವಃ ಕೇಶಿಹಾ ಹರಿಃ’. ಕೇಶಿಯನ್ನು ಕೊಂದ ಮಾತು ಪಕ್ಕದ ಹೆಸರಿಗೇ ಹೋಯಿತು. ಶಂಕರರು ಇಲ್ಲಿ, ಸೂರ್ಯಾದಿಗಳಲ್ಲಿ ಹೊಳೆಯುವ ಕಿರಣಗಳಿಗೇ ಕೇಶ ಎಂದು ಹೆಸರು, ಅವು ಯಾರವೋ ಅವನು ಕೇಶವ ಅನ್ನುತ್ತಾರೆ. ಬೆಳಗ್ಗೆ ಮಗುವನ್ನು ಎಳೆಬಿಸಿಲಿಗೆ ಎತ್ತಿಕೊಂಡು ಹೋಗುತ್ತೀರಲ್ಲ, ಆಗ ಇದನ್ನು ನೆನೆಯಿರಿ.

ಇನ್ನೊಬ್ಬ ಸದಸ್ಯರು: ಆಚಮನ ‘ಕೇಶವಾಯ ಸ್ವಾಹಾ’ ಅಂತಲೇ ಶುರುವಾಗುವುದು ಇದಕ್ಕೇನಾ ಸರ್?

ಉತ್ತರ: ಕೇಶವಾದಿ 24 ನಾಮಗಳಲ್ಲಿ ಇದು ಮೊದಲನೆಯದು, ಅದಕ್ಕೆ. ಕೇಶವ, ನಾರಾಯಣ, ಮಾಧವ ಅಂತ ಮೂರು ಸಲ ಅಂಗೈಯ ನೀರು ಕುಡಿಯುವುದೇ ಆಚಮನ. ಅಂಗೈಯಲ್ಲಿ ಒಂದು ಉದ್ದಿನಕಾಳು ಮುಳುಗುವಷ್ಟೇ ಇರಬೇಕು. ಅವಸರಕ್ಕೆ ಉದ್ಧರಣೆ (ಪೂಜೆಯ ಚಮಚ) ತುಂಬ ಸುರಿದುಕೊಂಡು ಗುಟುಕರಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಪ್ರಶ್ನೆ ಕೇಳಿದವರು: ಕಣ್ಣು ತುಂಬಿ ಬಂತು ಗುರುಗಳೇ. ಇನ್ನೊಂದೇ ಅನುಮಾನ. ಮನೆಯಲ್ಲೆಲ್ಲ ‘ಕೇಶು’ ಅಂತ ಕರೆಯುತ್ತೇವೆ. ದೋಷವೇ?

ಉತ್ತರ: ದೋಷವೇನೂ ಇಲ್ಲ, ಮುದ್ದಿಗೆ ಕರೆಯಿರಿ. ಆದರೆ ದಿನಕ್ಕೊಮ್ಮೆಯಾದರೂ ಬಾಯಿತುಂಬ ‘ಕೇಶವಾ’ ಅನ್ನಿ. ಭಾಗವತದ ಆರನೆಯ ಸ್ಕಂಧದಲ್ಲಿ ಅಜಾಮಿಳ ಸಾಯುವ ಹೊತ್ತಿಗೆ ‘ನಾರಾಯಣಾ’ ಅಂತ ಕೂಗಿದ್ದು ದೇವರನ್ನಲ್ಲ, ಆಟವಾಡುತ್ತಿದ್ದ ಕಿರಿಯ ಮಗನನ್ನು. ಆದರೂ ವಿಷ್ಣುದೂತರು ಓಡಿ ಬಂದರು. ಇನ್ನೊಬ್ಬರನ್ನು ಕರೆಯಲೆಂದು ಆಡಿದ ಭಗವಂತನ ಹೆಸರಿಗೂ ಪಾಪ ಕಳೆಯುವ ಶಕ್ತಿಯಿದೆ ಅಂತ ಆ ದೂತರೇ ಅಲ್ಲಿ ಹೇಳುತ್ತಾರೆ. ಮಗು ಊಟಕ್ಕೆ ಬರಲಿಲ್ಲ ಅಂತ ನೀವು ನಾಲ್ಕು ಸಲ ಕೂಗಿದರೆ ಅದೂ ಲೆಕ್ಕಕ್ಕೆ ಬಂತು.