ಹಂಬನ್‌ತೋಟ: ಭೋಗ್ಯವೋ, ಗುತ್ತಿಗೆಯೋ?

ಹಾಸನದಿಂದ:

ಗೆಳೆಯರೇ, ಬೇಗ ಹೇಳಿ, ನಾಳೆ ಬೆಳಿಗ್ಗೆ ಫ್ಲೆಕ್ಸ್ ಪ್ರಿಂಟಿಗೆ ಕೊಡಬೇಕು. ನಮ್ಮ ಕಾಲೇಜಿನ ಪ್ರದರ್ಶನಕ್ಕೆ ಒಂದು ಬೋರ್ಡ್ ಮಾಡುತ್ತಿದ್ದೇವೆ. ಅಮೆರಿಕ, ಚೀನಾ, ರಷ್ಯಾ ಬಡ ದೇಶಗಳಲ್ಲಿ ಹಿಡಿತಕ್ಕಾಗಿ ನಡೆಸುವ ಪೈಪೋಟಿ ಅದರ ವಿಷಯ. ತಲೆಬರಹ 'ಬಲಾಢ್ಯರ ಮೇಲಾಟ'. ತೊಡಕು ಬಂದದ್ದು ಶ್ರೀಲಂಕಾದ ಸಾಲಿನಲ್ಲಿ. 2017ರಲ್ಲಿ ಹಂಬನ್‌ತೋಟ ಬಂದರನ್ನು ಚೀನಾದ ಕಂಪನಿಗೆ 99 ವರ್ಷಕ್ಕೆ ಕೊಟ್ಟರಲ್ಲ, ಅದನ್ನು 'ಭೋಗ್ಯಕ್ಕೆ ಕೊಟ್ಟಿತು' ಅನ್ನಬಹುದಾ? ಪಕ್ಕದಲ್ಲೇ 'ಸಾಲದ ಬಲೆ' ಅಂತಲೂ ಬರೆದಿದ್ದೇನೆ.

ಬೇಲೂರಿನಿಂದ:

ಭೋಗ್ಯ ಸಂಸ್ಕೃತ, ಬೇಡ. 'ಒತ್ತೆ' ಅನ್ನಿ. ಬಲೆ ಸರಿ, ಅದು ನಮ್ಮದೇ ಪದ, ತಮಿಳಿನ ವಲೈ ನೋಡಿ, ಮೊದಲ ವಕಾರ ನಮ್ಮಲ್ಲಿ ಬಕಾರ. 'ಬಲಾಢ್ಯ' ಕೂಡ ತೆಗೆಯಿರಿ. ಎಲ್ಲದಕ್ಕೂ ಸಂಸ್ಕೃತದ ಮನೆ ಬಾಗಿಲಿಗೆ ಹೋಗುವ ಚಾಳಿ ಬಿಡೋಣ.

ಚಿಕ್ಕಮಗಳೂರಿನಿಂದ:

ಒತ್ತೆ ತಪ್ಪು. ಪದ ಯಾವ ಮನೆಯದು ಅಂತ ನೋಡುವ ಮೊದಲು ಅಲ್ಲಿ ಆದದ್ದೇನು ಅಂತ ನೋಡಬೇಕಲ್ವಾ? ಒತ್ತೆ ಅಂದರೆ ಸಾಲಕ್ಕೆ ಇಟ್ಟ ವಸ್ತು. ಭೋಗ್ಯವೂ ಸಾಲದ್ದೇ ಮಾತು. ನಮ್ಮ ಕಡೆ ಗದ್ದೆ ಭೋಗ್ಯಕ್ಕೆ ಹಾಕಿದರೆ ದುಡ್ಡು ಕೊಟ್ಟವನು ಉಳುತ್ತಾನೆ, ಬೆಳೆ ಬಡ್ಡಿಗೆ ಸಮ, ಅಸಲು ತೀರಿಸಿದ ದಿನ ಗದ್ದೆ ವಾಪಸ್. ಪೇಟೆಯಲ್ಲಿ 'ಮನೆ ಭೋಗ್ಯಕ್ಕಿದೆ' ಅಂತ ಬೋರ್ಡ್ ಕಂಡರೂ ಕೊಟ್ಟ ದುಡ್ಡು ತಿರುಗಿ ಬರುತ್ತದೆ ಅಂತಲೇ ಅರ್ಥ.

ಹಂಬನ್‌ತೋಟದಲ್ಲಿ ಹಾಗಾಗಲಿಲ್ಲ. ಬಂದರು ಕಟ್ಟಲು ಸಾಲ ಕೊಟ್ಟದ್ದು ಎಕ್ಸಿಮ್ ಬ್ಯಾಂಕ್ ಅನ್ನುವ ಚೀನಾ ಸರ್ಕಾರದ ಬ್ಯಾಂಕ್. ಬಂದರು ಹಿಡಿದದ್ದು ಚೀನಾ ಮರ್ಚಂಟ್ಸ್ ಪೋರ್ಟ್ ಅನ್ನುವ ಬೇರೆ ಕಂಪನಿ, 112 ಕೋಟಿ ಡಾಲರಿಗೆ. ಆ ದುಡ್ಡು ಬಂದರಿನ ಸಾಲಕ್ಕೆ ಜಮಾ ಆಗಲಿಲ್ಲ, ಶ್ರೀಲಂಕಾದ ಡಾಲರ್ ದಾಸ್ತಾನಿಗೆ ಸೇರಿತು, ಎಕ್ಸಿಮ್ ಬ್ಯಾಂಕಿನ ಸಾಲ ಹಾಗೇ ಉಳಿಯಿತು. ಅದಕ್ಕೇ ಗುತ್ತಿಗೆ ಅನ್ನಬೇಕು. ಬೇಲೂರಿನವರಿಗೂ ತಕರಾರು ಇರಲಾರದು, ತಮಿಳಿನಲ್ಲಿ ಅದು ಕುತ್ತಗೈ.

'ಸಾಲದ ಬಲೆ' ಅನ್ನುವುದೇ ನನಗೆ ಜಾಸ್ತಿ ಚುಚ್ಚಿದ್ದು. ಬಲೆ ಅಂದ ಮೇಲೆ ಬೇಕಂತಲೇ ಹಾಕಿದ ಬೇಟೆಗಾರ ಇರಬೇಕು. 2022ರಲ್ಲಿ ಆ ದೇಶ ಸಾಲ ಕಟ್ಟಲಾಗದೆ ಕೈಚೆಲ್ಲಿದಾಗ ಚೀನಾಕ್ಕಿಂತ ಬಾಂಡ್ ಕೊಂಡ ಹೊರಗಿನ ಹೂಡಿಕೆದಾರರ ಬಾಕಿಯೇ ಜಾಸ್ತಿ ಇತ್ತು. ಒಂದು ಕಡೆಯವರು ಇನ್ನೊಂದು ಕಡೆಯವರನ್ನು ಬೈಯಲು ಬಳಸುವ ಪದವನ್ನು ಮಕ್ಕಳು ನೋಡುವ ಬೋರ್ಡಿಗೆ ಸುಮ್ನೆ ಎತ್ತಿ ಹಾಕಬೇಡಿ. 'ಸಾಲದ ಹೊರೆ' ಸಾಕು.

'ಬಲಾಢ್ಯ' ಇರಲಿ. ಊರಲ್ಲಿ ಎಲ್ಲರ ಬಾಯಲ್ಲಿರುವ ಪದ ಅದು, ಓದಿದ ಕೂಡಲೇ ತಿಳಿಯುತ್ತದೆ.

ಹಾಸನದಿಂದ:

ಬಲೆ ತೆಗೆದೆ ಸಾರ್. ಹೀಗೆ ಹೋಗುತ್ತದೆ: 'ಸಾಲದ ಹೊರೆ ಹೊತ್ತ ಶ್ರೀಲಂಕಾ 2017ರಲ್ಲಿ ಹಂಬನ್‌ತೋಟ ಬಂದರನ್ನು ಚೀನಾದ ಕಂಪನಿಗೆ 99 ವರ್ಷ ಗುತ್ತಿಗೆಗೆ ಕೊಟ್ಟಿತು.'

ಬೇಲೂರಿನಿಂದ:

ಗುತ್ತಿಗೆ ಒಪ್ಪಿದೆ. 'ವರ್ಷ' ಯಾಕೆ? 'ವರುಷ' ಅನ್ನಿ.