ಶಾಲೆ ಶುರುವಾಗೋ ಮುಂಚೆ ಊರ ಸ್ಕೂಲು ರೆಡಿ ಮಾಡಬೇಕು, ಎಲ್ಲಿಂದ ಶುರು ಮಾಡೋದು?

ತಿಪಟೂರು ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮೂರು ತಿಪಟೂರು ಕಡೆಯ ಸಣ್ಣ ಹಳ್ಳಿ. ಒಂದರಿಂದ ಏಳರವರೆಗಿನ ಸರ್ಕಾರಿ ಶಾಲೆ ಇದೆ, ನಾನು ಓದಿದ್ದೂ ಅದರಲ್ಲೇ. ಈಗ ನಮ್ಮ ಬ್ಯಾಚಿನವರು ಜಾಸ್ತಿ ಜನ ಬೆಂಗಳೂರಲ್ಲೇ ಇದ್ದೇವೆ. ಈ ಸಲ ಬೇಸಿಗೆ ರಜೆಯಲ್ಲೇ ಶಾಲೆಗೆ ಏನಾದರೂ ಮಾಡೋಣ, ಮೇ ಕೊನೆಗೆ ಬಾಗಿಲು ತೆರೆಯುವಷ್ಟರಲ್ಲಿ ಮುಗಿಸೋಣ ಅಂತ ವಾಟ್ಸಾಪ್ ಗ್ರೂಪಲ್ಲಿ ತೀರ್ಮಾನ ಆಗಿದೆ. ಹತ್ತು ಹನ್ನೆರಡು ಜನ ಬರುತ್ತಾರೆ, ಎರಡು ಶನಿವಾರ ಭಾನುವಾರ. ದುಡ್ಡು 60 ಸಾವಿರದಷ್ಟು ಸೇರಿದೆ.

ಆದರೆ ಏನು ಮಾಡಬೇಕು ಅನ್ನೋದರಲ್ಲೇ ಜಗಳ. ಅರ್ಧ ಜನಕ್ಕೆ ಗೋಡೆಗೆಲ್ಲ ರೈಲು ಬೋಗಿ ತರ ಬಣ್ಣ ಬರೆಸಬೇಕು. ಒಬ್ಬನಿಗೆ ಸ್ಮಾರ್ಟ್ ಟಿವಿ ಕೊಡಬೇಕು. ಇನ್ನೊಬ್ಬಳು ಎಲ್ಲ ಮಕ್ಕಳಿಗೂ ಬ್ಯಾಗು ಅನ್ನುತ್ತಾಳೆ. ಹಳೆ ಕಟ್ಟಡ ಹೆಂಚಿನದು, ಆಮೇಲೆ ಕಟ್ಟಿದ ಎರಡು ಕೊಠಡಿ ಆರ್‌ಸಿಸಿ. ಶೌಚಾಲಯ ಇದೆ, ಆದರೆ ಹೋದ ಸಲ ನೋಡಿದಾಗ ಬೀಗ ಹಾಕಿತ್ತು.

ಯಾರ ಹತ್ತಿರ ಅನುಮತಿ ತಗೋಬೇಕು? ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗಬೇಕಾ? ರಜೆಯಲ್ಲಿ ಹೆಡ್ ಮೇಷ್ಟ್ರಿಗೆ ಫೋನ್ ಮಾಡಿದರೆ ಬೇಜಾರು ಮಾಡಿಕೊಳ್ಳುತ್ತಾರಾ? ಈ ತರ ಕೆಲಸ ಮಾಡಿದವರು ಇದ್ದರೆ ಹೇಳಿ.

ಮಲೆನಾಡ ಮೇಷ್ಟ್ರು

ಬೇಜಾರು ಯಾಕೆ ಮಾಡಿಕೊಳ್ಳುತ್ತಾರೆ, ಧಾರಾಳವಾಗಿ ಫೋನ್ ಮಾಡಿ. ಯಾರೂ ಕೇಳದೆ ಬಂದು ಏನೋ ಮಾಡಿಟ್ಟು ಹೋದಾಗ ನಮಗೆ ಬೇಜಾರಾಗುತ್ತದೆ. ನಾನು ತೀರ್ಥಹಳ್ಳಿ ಕಡೆ ಇಪ್ಪತ್ತು ವರ್ಷದಿಂದ ಪ್ರೈಮರಿ ಶಾಲೆಯಲ್ಲಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಮುಖ್ಯ ಶಿಕ್ಷಕರು, ಆಮೇಲೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು. ಅಧ್ಯಕ್ಷರು ಪೋಷಕರಲ್ಲೇ ಒಬ್ಬರಾಗಿರುತ್ತಾರೆ, ನಿಮ್ಮೂರಿನವರೇ, ನಿಮಗೆ ಗೊತ್ತಿರುವವರೇ ಇರಬಹುದು. ಇಬ್ಬರನ್ನೂ ಕೂರಿಸಿಕೊಂಡು ಒಂದು ಸಭೆ ಮಾಡಿ, ಏನು ಕೆಲಸ, ಯಾರು ಮಾಡುತ್ತಾರೆ ಅಂತ ನಡಾವಳಿಯಲ್ಲಿ ಬರೆಸಿ. ಬಣ್ಣ, ರಿಪೇರಿಯಷ್ಟಾದರೆ ಇದೇ ಸಾಕಾಗುತ್ತದೆ, ಬಿಇಒಗೆ ತಿಳಿಸಬೇಕಾದ್ದನ್ನು ಹೆಡ್ ಮೇಷ್ಟ್ರೇ ತಿಳಿಸುತ್ತಾರೆ. ಗೋಡೆ ಒಡೆಯುವುದು, ಹೊಸ ಕೊಠಡಿ ಕಟ್ಟುವುದು ಅಂತ ಹೊರಟರೆ ಮಾತ್ರ ಬೇರೆ ದಾರಿ, ಅಲ್ಲಿ ಎಂಜಿನಿಯರು ಬರಬೇಕು.

ಈಗ ಕೆಲಸದ ವಿಷಯ. ರೈಲು ಬೋಗಿ ಆಮೇಲೆ. ಮೊದಲು ತಲೆ ಎತ್ತಿ ಸೂರು ನೋಡಿ. ಹೆಂಚಿನ ಕಟ್ಟಡ ಅಂದಿರಿ. ರಜೆಯಲ್ಲಿ ಶಾಲೆ ಖಾಲಿ ಇರುತ್ತದೆ, ಮಂಗಗಳು ಕುಣಿದು ಹೆಂಚು ಒಡೆದಿರುತ್ತವೆ, ಇಲ್ಲಾ ಜಾರಿಸಿರುತ್ತವೆ. ರೀಪಿಗೆ ಗೆದ್ದಲು ಹಿಡಿದಿದೆಯಾ ಅಂತ ತಟ್ಟಿ ನೋಡಬೇಕು. ಇದನ್ನು ನೀವೇ ಹತ್ತಿ ಮಾಡಬೇಡಿ, ಹಳೆ ಹೆಂಚಿನ ಮೇಲೆ ಕಾಲು ಎಲ್ಲಿಡಬೇಕು ಅಂತ ಗೊತ್ತಿರುವ ಊರಿನ ಆಳು ಬೇಕು. ಅವರಿಗೆ ಕೂಲಿ ಕೊಡಿ, ನೀವು ಕೆಳಗಿಂದ ಹೆಂಚು ಎತ್ತಿಕೊಡಿ. ಮೊದಲ ಮಳೆಗೆ ಸೋರುವ ಕೊಠಡಿಯಲ್ಲಿ ಎಷ್ಟು ಚಂದದ ಚಿತ್ರ ಇದ್ದರೂ ಮಕ್ಕಳನ್ನು ಕೂರಿಸೋಕೆ ಆಗಲ್ಲ.

ಎರಡನೆಯದು ನೀರು. ಎರಡು ತಿಂಗಳ ಹತ್ತಿರ ನಿಂತ ಟ್ಯಾಂಕು ಮತ್ತು ಸಂಪು. ಪೂರ್ತಿ ಖಾಲಿ ಮಾಡಿ, ಉಜ್ಜಿ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು, ಮತ್ತೆ ಒಳ್ಳೆ ನೀರಲ್ಲಿ ತೊಳೆಯಬೇಕು. ಪಂಚಾಯಿತಿಯ ನೀರಗಂಟಿಯನ್ನು ಜೊತೆಗೆ ಕರೆದುಕೊಳ್ಳಿ, ಪೌಡರ್ ಲೆಕ್ಕ ಅವರಿಗೆ ಗೊತ್ತಿರುತ್ತದೆ, ವಾಲ್ವು ಎಲ್ಲಿದೆ ಅಂತಲೂ ಅವರಿಗೇ ಗೊತ್ತು. ಸಂಪಿನೊಳಗೆ ಒಬ್ಬರೇ ಇಳಿಯಬೇಡಿ. ಮುಚ್ಚಳ ತೆಗೆದು ಗಾಳಿಯಾಡಲು ಬಿಡಿ, ಮೇಲೆ ಒಬ್ಬರು ನಿಂತಿರಲಿ.

ಮೂರನೆಯದೇ ದೊಡ್ಡದು, ನೀವು ನೋಡಿದ ಆ ಬೀಗ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಗಂಡು ಮಕ್ಕಳಿಗೆ, ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ ಇರಲೇಬೇಕು ಅಂತಿದೆ, ಕಟ್ಟಿದ್ದಾರೆ ಕೂಡ. ಆದರೆ ತೊಳೆಯುವವರು ಯಾರು? ನಮ್ಮಂಥ ಪ್ರೈಮರಿ ಶಾಲೆಗಳಲ್ಲಿ ಜವಾನ ಅನ್ನುವ ಹುದ್ದೆಯೇ ಇರಲ್ಲ. ಮಕ್ಕಳ ಕೈಲಿ ತೊಳೆಸುವ ಹಾಗಿಲ್ಲ, ತೊಳೆಸಲೂಬಾರದು, ಇಲಾಖೆ ಸುತ್ತೋಲೆಯನ್ನೇ ಹೊರಡಿಸಿದೆ. ಹಾಗಾಗಿ ನೀರಿಲ್ಲ, ತೊಳೆಯುವವರಿಲ್ಲ ಅಂತ ಬೀಗ ಬೀಳುತ್ತದೆ. ಆರು, ಏಳನೇ ಕ್ಲಾಸಿನ ಹೆಣ್ಣು ಮಕ್ಕಳು ಮನೆಗೆ ಹೋಗುವವರೆಗೂ ನೀರೇ ಕುಡಿಯಲ್ಲ. ನಿಮ್ಮ 60 ಸಾವಿರದಲ್ಲಿ ಒಂದು ಭಾಗ ಇಟ್ಟುಕೊಂಡು ಊರಿನ ಒಬ್ಬರಿಗೆ ತಿಂಗಳು ತಿಂಗಳು ಸಂಬಳ ಕೊಟ್ಟು ವರ್ಷಪೂರ್ತಿ ಶೌಚಾಲಯ ತೊಳೆಸಿ ನೋಡಿ. ಇದರ ಫೋಟೋ ಯಾರೂ ಹಾಕಲ್ಲ ನಿಜ. ಆದರೆ ನನ್ನನ್ನು ಕೇಳಿದರೆ ಟಿವಿಗಿಂತ ಇದೇ ದೊಡ್ಡ ಕೊಡುಗೆ.

ಸಿರಾ ಸೀಮೆ ಅಮ್ಮ

ಮೇಷ್ಟ್ರು ಹೇಳಿದ್ದು ಸರಿ. ನಾನು ಎಸ್‌ಡಿಎಂಸಿಯಲ್ಲಿ ಸದಸ್ಯೆ ಆಗಿದ್ದವಳು, ದುಡ್ಡಿನ ಬಗ್ಗೆ ಎರಡು ಮಾತು ಸೇರಿಸುತ್ತೇನೆ.

ತಮ್ಮಾ, ದುಡ್ಡನ್ನು ಯಾರ ಕೈಗೂ ಕೊಡಬೇಡಿ. ಅಧ್ಯಕ್ಷರ ಕೈಗೂ ಬೇಡ, ಮೇಷ್ಟ್ರ ಕೈಗೂ ಬೇಡ. ನಂಬಿಕೆ ಇಲ್ಲ ಅಂತಲ್ಲ, ಊರಲ್ಲಿ ಬಾಯಿ ಸುಮ್ನೆ ಇರಲ್ಲ. ಎಸ್‌ಡಿಎಂಸಿ ಬ್ಯಾಂಕ್ ಖಾತೆಗೆ ಹಾಕಿ ರಸೀದಿ ತಗೊಳ್ಳಿ. ಇಲ್ಲವಾದರೆ ನೀವೇ ಸಾಮಾನು ತಂದು ಕೊಡಿ, ಬಿಲ್ಲಿನ ಜೆರಾಕ್ಸ್ ಕೊಡಿ. ಕೊಟ್ಟ ಪ್ರತಿಯೊಂದು ವಸ್ತುವೂ ಶಾಲೆಯ ಸ್ಟಾಕ್ ರಿಜಿಸ್ಟರಿಗೆ ಏರಲಿ, ಎದುರಿಗೇ ಬರೆಸಿ. ಮೇಷ್ಟ್ರು ವರ್ಗವಾಗಿ ಹೋಗುವಾಗ ಚಾರ್ಜ್ ಕೊಡುವುದು ಆ ರಿಜಿಸ್ಟರ್ ನೋಡಿಕೊಂಡು. ಅದರಲ್ಲಿ ಇಲ್ಲದ ಫ್ಯಾನು, ಮಿಕ್ಸಿ, ಮೈಕು ಎಲ್ಲಿ ಹೋಯಿತು ಅಂತ ಆಮೇಲೆ ಯಾರನ್ನೂ ಕೇಳೋಕಾಗಲ್ಲ.

ಬ್ಯಾಗಿನ ಬಗ್ಗೆ. ಪಠ್ಯಪುಸ್ತಕ, ಸಮವಸ್ತ್ರ, ಶೂ ಸರ್ಕಾರದಿಂದ ಬರುತ್ತದೆ, ಸ್ವಲ್ಪ ಹಿಂದೆ ಮುಂದೆ ಆಗಬಹುದು ಅಷ್ಟೇ. ಬ್ಯಾಗು ಬರಲ್ಲ, ಕೊಟ್ಟರೆ ಖುಷಿಯೇ. ಆದರೆ ಎಷ್ಟು ಮಕ್ಕಳು ಅಂತ ಮೇ ತಿಂಗಳಲ್ಲಿ ಯಾರಿಗೂ ಗೊತ್ತಿರಲ್ಲ, ದಾಖಲಾತಿ ನಡೆಯುವುದೇ ಆವಾಗ. ಹಳೆ ಪಟ್ಟಿ ನೋಡಿಕೊಂಡು ತಂದು, ಮೊದಲ ದಿನ ನಾಲ್ಕು ಮಕ್ಕಳಿಗೆ ಕಮ್ಮಿ ಬಿದ್ದರೆ ಆ ನಾಲ್ಕು ಮಕ್ಕಳ ಮುಖ ನೋಡೋಕಾಗಲ್ಲ. ಕೊಡುವುದಾದರೆ ಜೂನ್ ಕೊನೆಗೆ ಕೊಡಿ.

ಇನ್ನೊಂದು ಜಾಗ ಯಾರೂ ನೋಡಲ್ಲ, ಅಡುಗೆ ಕೋಣೆ. ಬಿಸಿಯೂಟ ಮಾಡುವ ಅಕ್ಕಂದಿರನ್ನು ಒಮ್ಮೆ ಕೇಳಿ. ಉಳಿದ ಅಕ್ಕಿ ಬೇಳೆಗೆ ಹುಳ ಬಿದ್ದಿರುತ್ತದೆ, ಡಬ್ಬಕ್ಕೆ ಮುಚ್ಚಳ ಇರಲ್ಲ, ಕುಕ್ಕರಿನ ಗ್ಯಾಸ್ಕೆಟ್ ಹೋಗಿರುತ್ತದೆ, ಇಲಿ ಗ್ಯಾಸ್ ಪೈಪು ಕಡಿದಿರುತ್ತದೆ. ಎರಡು ಮೂರು ಸಾವಿರದ ಕೆಲಸ. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬ, ಹೊಸ ಪೈಪು, ಕಿಟಕಿಗೆ ಜಾಲರಿ, ಇಷ್ಟು ಮಾಡಿಸಿಕೊಟ್ಟರೆ ಅವರು ವರ್ಷವಿಡೀ ನಿಮ್ಮನ್ನು ನೆನೆಸುತ್ತಾರೆ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ನಿಮ್ಮದೂ ಬೋರ್ ನೀರಾದರೆ ಪಂಚಾಯಿತಿಯಲ್ಲಿ ಜಲ ಜೀವನ್ ಮಿಷನ್‌ನವರು ಕೊಟ್ಟ ಪರೀಕ್ಷೆ ಕಿಟ್ ಇದೆಯಾ ಕೇಳಿ, ಮಕ್ಕಳು ಬರುವ ಮುಂಚೆ ನೋಡಿಸಿಬಿಡಿ.

ಬಣ್ಣದ ಕೆಲಸ

ನಾನು ಹಾಸನದಲ್ಲಿ ಪೇಂಟಿಂಗ್ ಕಂಟ್ರಾಕ್ಟ್ ಮಾಡುತ್ತೇನೆ. ಬಣ್ಣ ಬೇಡ ಅಂತ ಎಲ್ಲರೂ ಹೇಳಿದರೆ ನನ್ನ ಹೊಟ್ಟೆಪಾಡು ಏನು ಸ್ವಾಮಿ 😄 ತಮಾಷೆಗೆ ಅಂದೆ. ಹೊಡೆಯುವುದಾದರೆ ಹೇಗೆ ಅಂತ ಹೇಳುತ್ತೇನೆ, ಯಾಕಂದ್ರೆ ಸ್ವಯಂಸೇವಕರು ಹೊಡೆದ ಬಣ್ಣ ಒಂದೇ ಮಳೆಗಾಲಕ್ಕೆ ಹಪ್ಪಳದ ತರ ಎದ್ದು ಬಂದದ್ದನ್ನು ಬೇಕಾದಷ್ಟು ಕಡೆ ನೋಡಿದ್ದೇನೆ.

ಹಳೆ ಶಾಲೆ ಗೋಡೆ ಅಂದರೆ ಸುಣ್ಣದ ಮೇಲೆ ಸುಣ್ಣ. ಅದರ ಮೇಲೆ ನೇರವಾಗಿ ಎಮಲ್ಷನ್ ಹೊಡೆದರೆ ನಿಲ್ಲಲ್ಲ. ಕೆರೆದು, ಉಜ್ಜಿ, ದೂಳು ಒರೆಸಿ, ಪ್ರೈಮರ್ ಹೊಡೆದು, ಅದು ಒಣಗಿದ ಮೇಲೆ ಬಣ್ಣ. ನಿಮ್ಮ ಮೊದಲ ವಾರಾಂತ್ಯ ಪೂರ್ತಿ ಕೆರೆಯುವುದರಲ್ಲೇ ಹೋಗುತ್ತದೆ, ಮಾನಸಿಕವಾಗಿ ತಯಾರಾಗಿ ಬನ್ನಿ. ಬಾಗಿಲು ಕಿಟಕಿಯ ಹಳೆ ಎನಾಮಲ್ ಕೆರೆಯುವಾಗ ಹುಷಾರು. ಮನೆ ಬಳಕೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ, ಅದಕ್ಕಿಂತ ಹಳೆಯ ಬಣ್ಣದಲ್ಲಿ ಏನಿದೆಯೋ ಯಾರು ಕಂಡರು. ಒದ್ದೆ ಮಾಡಿಕೊಂಡು ಉಜ್ಜಿ, ಮೂಗಿಗೆ ಮಾಸ್ಕ್ ಹಾಕಿ, ಪುಡಿಯನ್ನು ಗುಡಿಸಿ ಅಂಗಳಕ್ಕೆ ಎಸೆಯಬೇಡಿ. ನೋಡೋಕೆ ಬಂದ ಊರ ಮಕ್ಕಳನ್ನು ಆ ದಿನ ಹತ್ತಿರ ಬಿಟ್ಟುಕೊಳ್ಳಬೇಡಿ.

ಒಳಗೋಡೆಗೆ ನೆಲದಿಂದ ಮೂರು ನಾಲ್ಕು ಅಡಿ ಎನಾಮಲ್ ಪಟ್ಟಿ ಹೊಡೆಸಿ, ಒರೆಸಿದರೆ ಕೊಳೆ ಹೋಗುತ್ತದೆ. ಮೇಲೆ ತಿಳಿ ಬಣ್ಣ ಇರಲಿ, ಕರೆಂಟಿಲ್ಲದ ದಿನವೂ ಕೊಠಡಿ ಬೆಳಕಾಗಿರುತ್ತದೆ. ಕಪ್ಪು ಹಲಗೆಗೆ ಮಾತ್ರ ಬ್ಲ್ಯಾಕ್‌ಬೋರ್ಡ್ ಪೇಂಟ್ ಅಂತಲೇ ಕೇಳಿ ತನ್ನಿ. ಮಾಮೂಲಿ ಕಪ್ಪು ಎನಾಮಲ್ ಹೊಡೆದರೆ ಸೀಮೆಸುಣ್ಣ ಜಾರುತ್ತದೆ, ಹಿಂದಿನ ಬೆಂಚಿಗೆ ಬರೀ ಹೊಳಪು ಕಾಣುತ್ತದೆ.

ಮಲೆನಾಡ ಮೇಷ್ಟ್ರು

ಹಲಗೆ ಅಂದಾಗ ನೆನಪಾಯಿತು, ಇದೊಂದು ಹೇಳಲೇಬೇಕು. ಒಂದರಿಂದ ಮೂರನೇ ಕ್ಲಾಸಿನ ಕೊಠಡಿ ನಲಿ-ಕಲಿ ಕೊಠಡಿ, ಅಂದರೆ ಮಕ್ಕಳು ಕಲಿಕೆ ಕಾರ್ಡುಗಳನ್ನು ಹಿಡಿದು ಆಡುತ್ತಾ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಕೊಠಡಿ. ಅಲ್ಲಿ ಗೋಡೆಯ ಕೆಳಭಾಗದಲ್ಲಿ ಸುತ್ತಲೂ ಕಪ್ಪು ಪಟ್ಟಿ ಕಾಣುತ್ತದೆ. ಅದು ಮಕ್ಕಳು ಕೂತು ಬರೆಯುವ ಹಲಗೆ. ಹಳೆ ಬಣ್ಣ ಅಂದುಕೊಂಡು ಅದರ ಮೇಲೆ ಮೊಲ, ಆನೆ ಚಿತ್ರ ಬರೆದು ಹೋಗಿರುವ ತಂಡಗಳಿವೆ. ಮೇಲಿನ ದಾರಗಳು ಕಲಿಕಾ ಚಪ್ಪರ, ಮಕ್ಕಳು ಮಾಡಿದ್ದನ್ನು ತೂಗುಹಾಕಲು. ಗೋಡೆ ಮೇಲಿನ ಏಣಿ ಚಿತ್ರಕ್ಕೂ ಅರ್ಥ ಇದೆ, ಮಗು ಯಾವ ಮೆಟ್ಟಿಲಲ್ಲಿದೆ ಅಂತ ಅದನ್ನು ನೋಡಿಯೇ ಕಾರ್ಡು ತೆಗೆಯುವುದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶಿಕ್ಷಕರು ಶುರು ಮಾಡಿದ ಪದ್ಧತಿ ಇದು, ಆಮೇಲೆ ರಾಜ್ಯಕ್ಕೆಲ್ಲ ಬಂತು. ಆ ಕೊಠಡಿಯಲ್ಲಿ ಯಾವ ಗೋಡೆ ಮುಟ್ಟಬಹುದು ಅಂತ ನಲಿ-ಕಲಿ ಟೀಚರನ್ನು ಕೇಳಿಯೇ ಬ್ರಷ್ ಅದ್ದಿ.

ಕಡೂರು ಎಕ್ಸ್‌ಪ್ರೆಸ್

ಎಲ್ಲರೂ ರೈಲು ಬೋಗಿಯನ್ನು ಆಡಿಕೊಳ್ಳುತ್ತಿದ್ದೀರಿ, ನಾನು ಅದರ ಪರ. ನಮ್ಮೂರ ಶಾಲೆಗೂ ರೈಲು ಬರೆಸಿದ್ದೇವೆ, ಹೆಸರು ನೋಡಿದರೇ ಗೊತ್ತಾಗುತ್ತದೆ ಅಲ್ವಾ.

ವಿಷಯ ಏನಂದ್ರೆ, ಮೇ ತಿಂಗಳಲ್ಲಿ ಖಾಸಗಿ ಶಾಲೆಯ ಹಳದಿ ವ್ಯಾನು ಊರೊಳಗೆ ಬಂದು ಮಕ್ಕಳನ್ನು ಲೆಕ್ಕ ಹಾಕಿಕೊಂಡು ಹೋಗುತ್ತದೆ. ಅಪ್ಪ ಅಮ್ಮ ಆ ಶಾಲೆಯ ಪಾಂಪ್ಲೆಟ್ ನೋಡುತ್ತಾರೆ, ಆಮೇಲೆ ಸುಣ್ಣ ಉದುರಿದ ನಮ್ಮ ಶಾಲೆ ನೋಡುತ್ತಾರೆ, ಮುಗಿಯಿತು. ಆರ್‌ಟಿಇ ಲೆಕ್ಕದಲ್ಲಿ ಐದನೇ ಕ್ಲಾಸಿನವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು, 61 ಆದರೆ ಮೂವರು. ಒಂದೆರಡು ಮಕ್ಕಳು ಕಮ್ಮಿಯಾದರೆ ಒಬ್ಬ ಮೇಷ್ಟ್ರು ‘ಹೆಚ್ಚುವರಿ’ ಅಂತಾಗಿ ಬೇರೆ ಊರಿಗೆ. ಮೇಷ್ಟ್ರು ಹೋದರು ಅಂತ ಮತ್ತೆ ನಾಲ್ಕು ಮಕ್ಕಳು ವ್ಯಾನು ಹತ್ತುತ್ತಾರೆ. ಹಾಗಿರುವಾಗ ಹೊರಗಿನ ಗೋಡೆ ಚಂದ ಕಾಣುವುದು ಶೋಕಿ ಅಲ್ಲ, ಶಾಲೆ ಉಳಿಯುವ ಪ್ರಶ್ನೆ. ಶೌಚಾಲಯ ಮೊದಲು ಅನ್ನುವುದನ್ನು ಒಪ್ಪುತ್ತೇನೆ. ಆದರೆ ರಸ್ತೆಗೆ ಕಾಣುವ ಒಂದು ಗೋಡೆಯನ್ನಾದರೂ ಬಣ್ಣ ಮಾಡಿ. ಬಣ್ಣ ಒಣಗಿದ ಮೇಲೆ ಅಲ್ಲೇ ಒಂದು ಸಂಜೆ ಪೋಷಕರನ್ನು ಸೇರಿಸಿ ಕಾಫಿ ಕೊಡಿ, ಮೇಷ್ಟ್ರು ಮನೆಮನೆಗೆ ದಾಖಲಾತಿಗೆ ಹೋಗುವಾಗ ನಿಮ್ಮಲ್ಲಿ ಇಬ್ಬರು ಜೊತೆಗೆ ಹೋಗಿ. ಅದೇ ಶಾಲೆಯಲ್ಲಿ ಓದಿ ಬೆಂಗಳೂರಲ್ಲಿ ಕೆಲಸ ಮಾಡುವವರು ಬಾಗಿಲಿಗೆ ಬಂದು ಮಾತಾಡಿದರೆ ಅದರ ತೂಕವೇ ಬೇರೆ.

ತಿಪಟೂರು ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದಿಕೊಂಡು ಹೆಡ್ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಹೇಳಿದ ಪಟ್ಟಿಯಲ್ಲಿ ಬಣ್ಣವೂ ಇಲ್ಲ, ಟಿವಿಯೂ ಇಲ್ಲ. ಶೌಚಾಲಯಕ್ಕೆ ಪೈಪ್‌ಲೈನ್ ಒಡೆದಿದೆಯಂತೆ, ಅದಕ್ಕೇ ಬೀಗ. ಹಳೆ ಕಟ್ಟಡದಲ್ಲಿ ಒಂದು ಕೊಠಡಿ ಸೋರುತ್ತದೆ. ಗೇಟಿನ ಬೀಗ ಕೆಟ್ಟು ರಾತ್ರಿ ಹೊತ್ತು ಜಗಲಿಯಲ್ಲಿ ಕುಡಿದು ಬಾಟಲಿ ಒಡೆಯುತ್ತಾರೆ.

ಈಗಿನ ಯೋಚನೆ ಹೀಗಿದೆ. ಮೊದಲ ವಾರ ಪ್ಲಂಬರ್, ಹೆಂಚಿನ ಕೆಲಸದವರು, ಗೇಟು. ನಾವು ಟ್ಯಾಂಕು, ಅಡುಗೆ ಕೋಣೆ, ಅಂಗಳದ ಗಾಜು ಮತ್ತು ಗಿಡಗಂಟಿ. ಎರಡನೇ ವಾರ ರಸ್ತೆ ಕಡೆಯ ಗೋಡೆ ಒಂದಕ್ಕೆ ಬಣ್ಣ. ಉಳಿದ ದುಡ್ಡು ಎಸ್‌ಡಿಎಂಸಿ ಖಾತೆಗೆ, ಶೌಚಾಲಯ ತೊಳೆಯುವವರ ಸಂಬಳಕ್ಕೆ ಅಂತ ನಡಾವಳಿಯಲ್ಲಿ ಬರೆಸಿ. ಟಿವಿ ಗೆಳೆಯ ಮುನಿಸಿಕೊಂಡಿದ್ದಾನೆ, ಇರಲಿ.

ಇನ್ನೆರಡು ಪ್ರಶ್ನೆ. ಗ್ರೂಪಿನಲ್ಲಿ ಹಳೆ ಪುಸ್ತಕ ಎರಡು ರಟ್ಟಿನ ಪೆಟ್ಟಿಗೆ ಸೇರಿದೆ, ತರಬಹುದಾ? ಪ್ರಾರಂಭೋತ್ಸವದ ದಿನ ನಾವೆಲ್ಲ ಬಂದು ವೇದಿಕೆ ಕಾರ್ಯಕ್ರಮ ಮಾಡಿದರೆ ಹೇಗೆ?

ಮಲೆನಾಡ ಮೇಷ್ಟ್ರು

ಪೆಟ್ಟಿಗೆ ಬಿಚ್ಚಿ ನೋಡಿ. ಒಳಗೆ ಸಿಇಟಿ ಗೈಡು, ಇಂಗ್ಲಿಷ್ ಕಾದಂಬರಿ ಇದ್ದರೆ ಅಲ್ಲೇ ರದ್ದಿಗೆ ಹಾಕಿ, ಬಂದ ದುಡ್ಡಿಗೆ ಕನ್ನಡದ ತೆಳ್ಳನೆಯ ಚಿತ್ರ ಪುಸ್ತಕ ತನ್ನಿ. ನವಕರ್ನಾಟಕ, ಪ್ರಥಮ್, ಎನ್‌ಬಿಟಿ ಪ್ರಕಾಶನದವರದು ಕಮ್ಮಿ ಬೆಲೆಗೆ ಸಿಗುತ್ತವೆ. ಬೀರು ಒಳಗೆ ಇಡಬೇಡಿ ಅಂತಲೂ ಹೇಳಿ ಹೋಗಿ, ಒಂದು ದಾರ ಕಟ್ಟಿ ಅದರ ಮೇಲೆ ನೇತುಹಾಕಿದರೆ ಮಕ್ಕಳೇ ತೆಗೆದು ಓದುತ್ತಾರೆ.

ಪ್ರಾರಂಭೋತ್ಸವಕ್ಕೆ ಬನ್ನಿ, ವೇದಿಕೆ ಬೇಡ. ಆ ದಿನ ಒಂದನೇ ಕ್ಲಾಸಿಗೆ ಬಂದ ಮಕ್ಕಳಲ್ಲಿ ಅರ್ಧ ಜನ ಅಳುತ್ತಿರುತ್ತಾರೆ, ಅವರ ಮುಂದೆ ಭಾಷಣ ಮಾಡಿದರೆ ಇನ್ನೂ ಜೋರಾಗಿ ಅಳುತ್ತಾರೆ. ಹಿಂದಿನ ಸಂಜೆ ಬಂದು ಮಾವಿನ ತೋರಣ ಕಟ್ಟಿಕೊಡಿ. ಬೆಳಗ್ಗೆ ಅಡುಗೆಯ ಅಕ್ಕಂದಿರಿಗೆ ಕೇಸರಿಬಾತ್ ಕೆದಕೋಕೆ ಇಬ್ಬರು ಗಟ್ಟಿ ಆಳು ಬೇಕಾಗುತ್ತದೆ, ಮುನಿಸಿಕೊಂಡ ಟಿವಿ ಗೆಳೆಯನನ್ನು ಅಲ್ಲಿಗೆ ಹಾಕಿ.